ನೆಲಕ್ಕಿಟ್ಟ ಚಮ್ಮಟಿಗೆ

ಕಬ್ಬಿಣ ಕಾದಾಗಲೇ ಬಡಿ ಎಂಬ ಗಾದೆ ಕಟ್ಟಿದವನು ಯಾರೋ ಕುಡುಗೋಲು ಬಡಿಯುವವನಿರಬೇಕು, ಗಾಡಿಯ ಬ್ಲೇಡು ಬಡಿಯುವವನಂತೂ ಅಲ್ಲ. ಲಾರಿ, ಜೀಪುಗಳ ಹಿಂದಿನ ಚಕ್ರದ ಬಳಿ ಒಂದರ ಕೆಳಗೊಂದು ಜೋಡಿಸಿ ಬಿಗಿದ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವೇ ಬ್ಲೇಡುಗಳು. ಭಾರ ಹೊತ್ತು ಹೊತ್ತು ಆ ಬಿಲ್ಲು ಒಂದು ದಿನ ಚಪ್ಪಟೆಯಾಗುತ್ತದೆ. ಆಗ ಗಾಡಿ ಕೂತಿದೆ ಅನ್ನುತ್ತಾರೆ. ಕೂತ ಗಾಡಿಯನ್ನು ಏಳಿಸಬೇಕಾದರೆ ಬ್ಲೇಡುಗಳನ್ನು ಬಿಚ್ಚಿ, ತಣ್ಣಗಿರುವಾಗಲೇ ಬಡಿದು ಮತ್ತೆ ಬಾಗಿಸಬೇಕು. ಬೆಂಕಿಗೆ ಹಿಡಿದರೆ ಬಾಗುವುದೇನೋ ಸಲೀಸಾಗಿ ಬಾಗುತ್ತದೆ, ಆದರೆ ಹದ ಸತ್ತುಹೋಗಿ ನಾಲ್ಕು ದಿನಕ್ಕೆ ಮತ್ತೆ ಕೂರುತ್ತದೆ. ತಣ್ಣನೆಯ ಉಕ್ಕು ಪೆಟ್ಟಿಗೆ ಮಣಿಯುವ ಮುಂಚೆ ಕಿರುಚುತ್ತದೆ. ಹುನಗುಂದದ ಕಡೆಯ ಕಮ್ಮಾರ ಯಮನಪ್ಪ ಅರ್ಧ ಆಯುಷ್ಯ ಆ ಕಿರುಚಾಟದ ಮಗ್ಗುಲಲ್ಲೇ ಕಳೆದವನು.

ತುಮಕೂರು ರಸ್ತೆಯಲ್ಲಿ ಮಾಕಳಿಯ ಹತ್ತಿರ, ನಲ್ಲಪ್ಪನವರ ಹೊಲದ ಅಂಚಿಗೆ ಒಂದು ಹುಣಸೆಮರವಿತ್ತು. ಆ ಮರದ ಕೆಳಗೆ ತಗಡಿನ ಮಾಡು, ನೆಲದಲ್ಲಿ ಹೂತ ರೈಲು ಕಂಬಿಯ ತುಂಡು, ಒಂದು ಸಣ್ಣ ಸುತ್ತಿಗೆ, ಒಂದು ದೊಡ್ಡ ಚಮ್ಮಟಿಗೆ. ಅಂಗಡಿ ಅಂದರೆ ಇಷ್ಟೇ. ಯಮನಪ್ಪ ಬ್ಲೇಡನ್ನು ಕಂಬಿಯ ಮೇಲೆ ಹಿಡಿದು ಪೆಟ್ಟು ಬೀಳಬೇಕಾದ ಜಾಗವನ್ನು ಸಣ್ಣ ಸುತ್ತಿಗೆಯಿಂದ ತೋರಿಸುತ್ತಿದ್ದ. ಅವನ ಹೆಂಡತಿ ಮರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಮ್ಮಟಿಗೆ ಎತ್ತಿ ಅಲ್ಲೇ ಹೊಡೆಯುತ್ತಿದ್ದಳು. ಹೆಂಗಸು ಚಮ್ಮಟಿಗೆ ಬೀಸುವುದನ್ನು ನೋಡಲೆಂದೇ ಪೀಣ್ಯದ ಕಡೆಯ ಬಾಬುಗಳು ಬೈಕು ನಿಲ್ಲಿಸುತ್ತಿದ್ದ ಕಾಲವೂ ಇತ್ತು. ಅವಳು ತಿರುಗಿ ಒಮ್ಮೆ ನೋಡಿದರೆ ಸಾಕು, ಬೈಕು ತಾನಾಗಿ ಸ್ಟಾರ್ಟ್ ಆಗುತ್ತಿತ್ತು.

ಬಡಿಯುವವರು ಆ ರಸ್ತೆಯಲ್ಲಿ ಬೇರೆಯವರೂ ಇದ್ದರು. ಯಮನಪ್ಪನ ಹೆಸರು ಹಬ್ಬಿದ್ದು ಅವನ ಕಿವಿಯಿಂದ. ಬಡಿದು ಮುಗಿದ ಬ್ಲೇಡನ್ನು ಅವನು ತಂತಿಯಲ್ಲಿ ಹುಣಸೆಕೊಂಬೆಗೆ ತೂಗುಹಾಕಿ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುತ್ತಿದ್ದ. ಬ್ಲೇಡು ಗಟ್ಟಿಯಿದ್ದರೆ ಅದರ ದನಿ ಗುಡಿಯ ಗಂಟೆಯಂತೆ ಬಹಳ ಹೊತ್ತು ಎಳೆಯುತ್ತಿತ್ತು. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕಿದ್ದರೂ ಒಡಕು ಗಡಿಗೆಯ ಹಾಗೆ ಬದ್ದೆಂದು ಅಲ್ಲೇ ಸಾಯುತ್ತಿತ್ತು. ಅಂಥ ಬ್ಲೇಡನ್ನು ಅವನು ಯಾರು ಕೈಮುಗಿದರೂ ಗಾಡಿಗೆ ಹಾಕುತ್ತಿರಲಿಲ್ಲ. ಯಮನಪ್ಪ ಕೇಳಿ ಚಲೋ ಐತಿ ಅಂದರೆ ಕಣ್ಣುಮುಚ್ಚಿ ಘಾಟಿ ಹತ್ತಬಹುದು ಎಂದು ಟಿಪ್ಪರ್ ಡ್ರೈವರುಗಳು ಹೇಳಿಕೊಳ್ಳುತ್ತಿದ್ದರು.

ಅನ್ನ ಕೊಟ್ಟ ಕಬ್ಬಿಣವೇ ಕಿವಿಯನ್ನು ತಿಂದಿತು. ಮೊದಲು ಫೋನಿನ ಮಾತು ಹೋಯಿತು, ಆಮೇಲೆ ಬೆನ್ನ ಹಿಂದಿನಿಂದ ಕರೆದವರ ಮಾತು. ಒಂದು ಬೆಳಿಗ್ಗೆ ಕೊಂಬೆಯಲ್ಲಿ ತೂಗಿದ ಬ್ಲೇಡಿಗೆ ಪೆಟ್ಟು ಕೊಟ್ಟ. ಬ್ಲೇಡು ನಡುಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಏನೂ ಬರಲಿಲ್ಲ. ಇನ್ನೊಮ್ಮೆ ಹೊಡೆದ. ಇಲ್ಲ.  ಕಣ್ಣಿಲ್ಲದ ಡ್ರೈವರನಿಗೂ ಕಿವಿಯಿಲ್ಲದ ಬ್ಲೇಡಿನವನಿಗೂ ಏನು ವ್ಯತ್ಯಾಸ? ಅವತ್ತು ಅವನು ಊಟ ಮಾಡಲಿಲ್ಲ. ಮರೆವ್ವನ ಕೈ ಹಿಡಿದು, ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿಕೊಂಡ.

ಅಲ್ಲಿಂದ ಮರೆವ್ವನೇ ಅವನ ಕಿವಿಯಾದಳು. ಗುಟ್ಟು ಅವರಿಬ್ಬರದೇ. ಬ್ಲೇಡಿಗೆ ಪೆಟ್ಟು ಕೊಡುವಾಗ ಅವಳು ಗಿರಾಕಿಯ ಬೆನ್ನ ಹಿಂದೆ ಚಮ್ಮಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ನಿಲ್ಲುವಳು. ದನಿ ಚೆನ್ನಾಗಿದ್ದರೆ ಚಮ್ಮಟಿಗೆ ಹೆಗಲ ಮೇಲೇ ಇರುತ್ತದೆ. ಒಡಕಾದರೆ ನೆಲಕ್ಕಿಳಿಸುತ್ತಾಳೆ. ಯಮನಪ್ಪ ಕಣ್ಣುಮುಚ್ಚಿ ಕೇಳುವವನಂತೆ ನಟಿಸಿ, ರೆಪ್ಪೆಯ ಸಂದಿಯಿಂದ ಅವಳ ಹೆಗಲು ನೋಡಿ, "ಚಲೋ ಐತಿ" ಎಂದೋ "ಇದು ಒಡದೈತ್ರಿ" ಎಂದೋ ಹೇಳುವನು. ಒಂದು ಸಲವೂ ತಪ್ಪಲಿಲ್ಲ. ಕಿವಿ ಹೋದ ಮೇಲೇ ಅವನ ಕಿವಿಯ ಹೆಸರು ಇನ್ನಷ್ಟು ದೊಡ್ಡದಾಯಿತು!

ಇನ್ನು ಗಿರಾಕಿಗಳ ಮಾತು. ಅದಕ್ಕೆ ಅವನು ಕಂಡುಕೊಂಡ ಉಪಾಯ ತಲೆಯಾಡಿಸುವುದು. ಯಾರು ಏನಂದರೂ ಮುಖ ನೋಡಿ, ಸ್ವಲ್ಪ ನಕ್ಕು, ಹೌದೆಂದು ತಲೆಯಾಡಿಸುತ್ತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ, ತಲೆಯಾಡಿಸಬಲ್ಲವನಿಗೆ ಮಾತೂ ಬೇಕಾಗಿಲ್ಲ ಎಂದು ಅವನು ಮರೆವ್ವನ ಮುಂದೆ ಜಂಬ ಪಟ್ಟದ್ದುಂಟು. ಅವಳಿಗೆ ಅದು ಹಿಡಿಸುತ್ತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ಅವಳದಲ್ಲ. "ಏನ್ರೀ" ಅಂದರೆ ಅವನಿಗೆ ಕೇಳುವುದಿಲ್ಲ. ಹತ್ತಿರ ಹೋಗಿ ಮುಟ್ಟಿಯೇ ಕರೆಯಬೇಕು, ಜನರೆದುರು ಅದೂ ಆಗದು.

ಅವನಿಗೆ ಕಷ್ಟಪಡದೆ ಕೇಳಿಸುತ್ತಿದ್ದ ದನಿ ಒಂದೇ ಒಂದು ಉಳಿದಿತ್ತು. ಅದು ನಲ್ಲಪ್ಪನವರ ಹೆಂಡತಿ ವೆಂಕಟಮ್ಮನದು. ಆಚೆ ಹೊಲದಲ್ಲಿ ನಿಂತು ಈಚೆ ಹೊಲದವರನ್ನು ಊಟಕ್ಕೆ ಕರೆದು ಬೆಳೆದ ಗಂಟಲು. ಹೊಲಗಳು ಹೋಗಿ ಗೋಡೌನುಗಳು ಬಂದರೂ ಆಕೆಯ ಗಂಟಲು ಸಣ್ಣದಾಗಲಿಲ್ಲ. "ಯಮ್ನಪ್ಪಾ, ಮುದ್ದೆ ಕಳಿಸ್ಲೇನೋ?" ಎಂದು ಆಕೆ ಬೇಲಿಯ ಆಚೆಯಿಂದ ಕೂಗಿದರೆ ಟಿಪ್ಪರುಗಳ ಗದ್ದಲ ದಾಟಿ ಮಾತು ನೇರ ಅವನೊಳಗೆ ಇಳಿಯುತ್ತಿತ್ತು. ಅವನು ಥಟ್ಟನೆ ಉತ್ತರ ಕೊಡುತ್ತಿದ್ದ. ಹಾಗಾಗಿ ಅವನು ಕಿವುಡನೆಂದು ಆ ಮನೆಯವರಿಗೆ ಅನುಮಾನ ಕೂಡ ಬರಲಿಲ್ಲ. ನಲ್ಲಪ್ಪನವರು ಅದಕ್ಕೆ ತದ್ವಿರುದ್ಧ, ಪಿಸುಮಾತಿನ ಮನುಷ್ಯ. ಮರೆವ್ವ ಮೊದಲ ಸಲ ಗಂಟುಮೂಟೆ ಹೊತ್ತು ಬಂದು ಹುಣಸೆಮರದ ಕೆಳಗೆ ಕೂತಾಗ, ಎಬ್ಬಿಸಿ ಕಳಿಸಲು ಬಂದ ನಲ್ಲಪ್ಪನವರನ್ನು ತಡೆದು ನೀರು ಕೊಟ್ಟವರು ವೆಂಕಟಮ್ಮನೇ.

ನಲ್ಲಪ್ಪನವರ ಮನೆಯಲ್ಲಿ ಒಂದು ಜೀಪಿತ್ತು. ಅವರಪ್ಪ ಮಿಲಿಟರಿ ಹರಾಜಿನಲ್ಲಿ ತಂದದ್ದು. ಸೊಪ್ಪು, ಮೂಲಂಗಿ ಹೇರಿಕೊಂಡು ಕೆಸರಲ್ಲೂ ಹಳ್ಳದಲ್ಲೂ ಓಡಾಡಿದ ಗಾಡಿ. ಈಗ ಹೇರಲು ಸೊಪ್ಪೂ ಇಲ್ಲ, ಹೊಲವೂ ಇಲ್ಲ. ಮಗ ಮುನೀಂದ್ರ ಹೊಸ ಕಾರು ತಂದಿದ್ದರೂ ನಲ್ಲಪ್ಪ ಜೀಪನ್ನು ಮಾರಲು ಒಪ್ಪಿರಲಿಲ್ಲ. ಆ ವರ್ಷ ಆಯುಧಪೂಜೆ ಹತ್ತಿರ ಬಂದಾಗ ಅವರು ಅದನ್ನು ಹುಣಸೆಮರದ ಕೆಳಗೆ ತಂದು ನಿಲ್ಲಿಸಿದರು.

"ಬಲಗಡೀಕೆ ಕುಂತ್ಬುಟ್ಟೈತೆ ಕಣಪ್ಪ. ಅಬ್ಬಕ್ಕೆ ನೆಟ್ಟಗೆ ನಿಲ್ಬೇಕು" ಎಂದರು, ಕೈಯನ್ನು ವಾಲಿಸಿ ತೋರಿಸುತ್ತ.

ಕೈ ನೋಡಿಯೇ ಯಮನಪ್ಪನಿಗೆ ಅರ್ಥವಾಯಿತು. ನಲ್ಲಪ್ಪ ದಪ್ಪ ಆಸಾಮಿ. ವರ್ಷಗಟ್ಟಲೆ ಒಂದೇ ಕಡೆ ಕೂತು ಓಡಿಸಿದ್ದಕ್ಕೆ ಜೀಪು ಯಜಮಾನನ ಕಡೆಗೇ ವಾಲಿತ್ತು. ಹಿಂದಿನ ಭಾಗವನ್ನು ಜಾಕಿ ಹಾಕಿ ಎತ್ತಿ, ಮರದ ದಿಮ್ಮಿಯ ಮೇಲೆ ನಿಲ್ಲಿಸಿ, ಬ್ಲೇಡುಗಳನ್ನು ಬಿಚ್ಚಿದ. ಹಬ್ಬದ ಮುಂಚಿನ ನೂಕುನುಗ್ಗಲು ಬೇರೆ, ಎಲ್ಲರಿಗೂ ಪೂಜೆಗೆ ಗಾಡಿ ಸಿದ್ಧವಾಗಬೇಕು. ಲಾರಿಗಳ ನಡುವೆ ಸಿಕ್ಕಿದ ಬಿಡುವಿನಲ್ಲೆಲ್ಲ ಗಂಡ ಹೆಂಡತಿ ಜೀಪಿನ ಬ್ಲೇಡು ಬಡಿದರು. ಈ ಕೆಲಸವನ್ನು ಯಮನಪ್ಪ ದೇವರ ಕೆಲಸವೆಂಬಂತೆ ಮಾಡಿದ. ಎರಡೂ ಕಡೆಯ ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು, ಬಲಗಡೆಯದನ್ನು ಒಂದು ಬೆರಳು ಹೆಚ್ಚು ಬಾಗಿಸಿದ. ಯಜಮಾನರು ಕೂತ ಮೇಲೆ ಸಮ ಬರಬೇಕಲ್ಲ. ಎಲ್ಲಕ್ಕಿಂತ ಉದ್ದದ, ಇಡೀ ಗಾಡಿಯನ್ನು ಹಿಡಿದುಕೊಳ್ಳುವ ಬಲಗಡೆಯ ಮೇನ್ ಬ್ಲೇಡು ಮಾತ್ರ ಬಡಿದು ಮುಗಿಯುವಷ್ಟರಲ್ಲಿ ಹಬ್ಬದ ಹಿಂದಿನ ದಿನ ಕತ್ತಲಾಗಿತ್ತು. ಕತ್ತಲಲ್ಲಿ ಮರೆವ್ವನ ಹೆಗಲು ಕಾಣದು, ಅದರ ದನಿ ನೋಡುವುದು ಮರುದಿನಕ್ಕೆ ಉಳಿಯಿತು.

ಮರುದಿನ ಆಯುಧಪೂಜೆ. ಕಮ್ಮಾರರ ಮನೆಯಲ್ಲಿ ಅಂದು ಹತಾರ ದೇವರು. ಬೆಳಿಗ್ಗೆಯೇ ಮರೆವ್ವ ಚಮ್ಮಟಿಗೆ, ಸುತ್ತಿಗೆಗಳನ್ನು ತೊಳೆದು, ರೈಲು ಕಂಬಿಯ ಮುಂದೆ ನೆಲದ ಮೇಲೆ ಜೋಡಿಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವು ಏರಿಸಿದಳು. ಹಾಗೆ ಇಟ್ಟ ಹತಾರವನ್ನು ಮರುದಿನದವರೆಗೆ ಯಾರೂ ಎತ್ತುವಂತಿಲ್ಲ. ಜೀಪು ಜೋಡಿಸಲು ಬೇಕಾದ ಸ್ಪ್ಯಾನರು, ಜಾಕಿಗಳನ್ನು ಮಾತ್ರ ಕೊನೆಯಲ್ಲಿ ಪೂಜೆಗಿಡೋಣವೆಂದು ಹೊರಗೆ ಬಿಟ್ಟಿದ್ದರು.

ಅಷ್ಟರಲ್ಲಿ ನಲ್ಲಪ್ಪ ಬಿಳಿ ಪಂಚೆಯಲ್ಲಿ ಬಂದರು, ಹಿಂದೆ ಹೂವಿನ ತಟ್ಟೆ ಹಿಡಿದು ವೆಂಕಟಮ್ಮ. ಯಮನಪ್ಪ ಮೇನ್ ಬ್ಲೇಡನ್ನು ಕೊಂಬೆಗೆ ತೂಗಿಸಿ, ಸುತ್ತಿಗೆ ಎತ್ತುವಂತಿಲ್ಲವಾದ್ದರಿಂದ ಸ್ಪ್ಯಾನರಿನಿಂದ ಒಂದು ಪೆಟ್ಟು ಕೊಟ್ಟು ಕಣ್ಣುಮುಚ್ಚಿದ.

ಬದ್ದೆಂದಿತು. ಮರೆವ್ವನಿಗೆ ಕೇಳಿಸಿತು. ನಲ್ಲಪ್ಪ, ವೆಂಕಟಮ್ಮರಿಗೂ ಕೇಳಿಸಿರಬೇಕು, ಆದರೆ ಅವರಿಗೆ ಅದರ ಭೇದ ತಿಳಿಯದು. ಯಮನಪ್ಪನ ಮುಖವೇ ಅವರಿಗೆ ಪ್ರಮಾಣ. ಮರೆವ್ವ ಅಭ್ಯಾಸಬಲದಿಂದ ಹೆಗಲಿಗೆ ಕೈ ಒಯ್ದಳು. ಹೆಗಲು ಬರಿದಾಗಿತ್ತು. ಚಮ್ಮಟಿಗೆ ನೆಲದ ಮೇಲೆ ಹೂ ಮುಡಿದು ಮಲಗಿತ್ತು. "ಏನ್ರೀ" ಎಂದಳು. ಅವನು ತಿರುಗಲಿಲ್ಲ. ಹಬ್ಬದ ದಿನ, ತುಂಬಿದ ತಟ್ಟೆ ಹಿಡಿದ ಮುತ್ತೈದೆಯ ಮುಂದೆ, ಒಡದೈತಿ ಎಂಬ ಮಾತನ್ನು ಬಾಯಲ್ಲಿ ತರುವುದು ಹೇಗೆ? ಅವಳು ಬಾಗಿ ಚಮ್ಮಟಿಗೆಯ ಮೇಲೆ ಅಂಗೈ ಊರಿ, ಗಂಡನನ್ನು ದಿಟ್ಟಿಸಿದಳು.

ರೆಪ್ಪೆಯ ಸಂದಿಯಿಂದ ಯಮನಪ್ಪ ನೋಡಿದ. ಹೆಂಡತಿ ಹತಾರಕ್ಕೆ ನಮಸ್ಕಾರ ಮಾಡುತ್ತಿದ್ದಾಳೆ. ಹೊತ್ತು ಚೆನ್ನಾಗಿದೆ, ಬ್ಲೇಡು ಚೆನ್ನಾಗಿದೆ, ಎಲ್ಲವೂ ಚೆನ್ನಾಗಿದೆ. ಅವನೂ ಚಮ್ಮಟಿಗೆಯ ಕಡೆ ತಿರುಗಿ ಕೈಮುಗಿದ.

"ಚಲೋ ಐತ್ರಿ ಯಜಮಾನ್ರ" ಎಂದ.

ಬ್ಲೇಡು ಗಾಡಿ ಸೇರಿತು. ಜಾಕಿ ಇಳಿದಾಗ ಜೀಪು ಒಮ್ಮೆ ಮೈ ಕೊಡವಿ ನಿಂತಿತು. ಯಮನಪ್ಪ ಹಿಂದಿನ ಬಂಪರ್ ಹಿಡಿದು ಅಲ್ಲಾಡಿಸಿ, ಎರಡೂ ಕಡೆ ಚಕ್ರದ ಮೇಲೆ ಗೇಣಿಟ್ಟು ಅಳೆದ. ನಲ್ಲಪ್ಪ ಏರಿ ಕೂತ ಮೇಲೆ ಮತ್ತೆ ಅಳೆದ. ಸರಿಸಮ. ಹಳೆಯ ಗಾಡಿ ಹರೆಯದ ಹೋರಿಯಂತೆ ಹಿಂಭಾಗ ಎತ್ತಿ ನಿಂತಿತ್ತು. "ಅಯ್ಯೋ ಶಿವನೇ, ಮದ್ವೇಲಿ ನನ್ನ ಕರ್ಕೊಂಬಂದಾಗ ಇಂಗೇ ನಿಂತಿತ್ತು ಕಣೋ ಯಮ್ನಪ್ಪಾ" ಎಂದು ವೆಂಕಟಮ್ಮ ಕೂಗಿ ಹೇಳಿದರು. ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಬಹಳ ದಿನಗಳ ಮೇಲೆ ಅವನು ನಟನೆಯಿಲ್ಲದೆ ನಕ್ಕ.

"ನಾಳೆ ಒಮ್ಮೆ ತರ್ರಿ, ಬೋಲ್ಟು ಬಿಗಿ ಮಾಡಿ ಕೊಡ್ತೀನಿ" ಎಂದ ಯಮನಪ್ಪ. ಹೊಸದಾಗಿ ಜೋಡಿಸಿದ ಬ್ಲೇಡು ಒಂದು ದಿನ ಓಡಿದ ಮೇಲೆ ಬೋಲ್ಟು ಸಡಿಲವಾಗುತ್ತದೆ, ಯಾವ ಗಾಡಿಗಾದರೂ ಅವನು ಹೇಳುವ ಮಾತೇ ಅದು. ಮರೆವ್ವನಿಗೆ ಮಾತ್ರ ಅದು ಬೇರೆಯಾಗಿ ಕೇಳಿಸಿತು. ಗಂಡ ತನ್ನ ಸನ್ನೆ ನೋಡಿದ್ದಾನೆ. ಇಂದು ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ಹೊಸ ಬ್ಲೇಡು ಎಲ್ಲೂ ಸಿಗದು. ಪೂಜೆಗೆಂದು ಬೇಲಿಯಾಚೆಯ ಮನೆಗೆ ಹೋಗಿ ನಿಲ್ಲುವ ಗಾಡಿ, ನಾಳೆ ಬದಲಾಯಿಸಿದರಾಯಿತು. ಹಾಗೆಂದುಕೊಂಡು ಅವಳ ಜೀವ ನಿರಾಳವಾಯಿತು. ಮುಂದೆ ಇಬ್ಬರೂ ಆ ಮಾತೆತ್ತಲಿಲ್ಲ.

ಗಾಡಿ ಮನೆಯ ಮುಂದೆಯೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪೂಜೆಯಾಗಿ, ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದ ಮೇಲೆ ವೆಂಕಟಮ್ಮನೇ ಗಂಡನನ್ನು ಹೊರಡಿಸಿದರಂತೆ. ಇಷ್ಟು ಚೆಂದ ನಿಂತಿದೆ, ನೆಲಮಂಗಲದವರೆಗೆ ಒಂದು ಸುತ್ತು ಹೋಗಿಬರೋಣ ಎಂದು. ಯಮನಪ್ಪನ ಕೆಲಸ ಕೆಟ್ಟದಾಗಿದ್ದರೆ ಆಕೆ ಉಳಿಯುತ್ತಿದ್ದರು. ಹೆದ್ದಾರಿಯಲ್ಲಿ ಮೇನ್ ಬ್ಲೇಡು ತುಂಡಾಗಿ, ಹಿಂದಿನ ಚಕ್ರ ಓರೆಯಾಗಿ, ಜೀಪು ಮಗುಚಿತು. ನಲ್ಲಪ್ಪನವರಿಗೆ ಕೈ ಮುರಿಯಿತು. ವೆಂಕಟಮ್ಮ ಆಸ್ಪತ್ರೆ ಮುಟ್ಟಲಿಲ್ಲ.

ಸುದ್ದಿ ತಂದವನು ಹೋದ ಮೇಲೆ ಮರೆವ್ವ ಗಂಡನ ಎದುರು ಕೂತು, ಅವನ ಮುಖವನ್ನು ತನ್ನ ಕಡೆ ತಿರುಗಿಸಿ ಕೇಳಿದಳು. "ನಾ ಚಮ್ಮಟಿಗಿ ಮ್ಯಾಲ ಕೈ ಇಟ್ಟಿದ್ದು ನೋಡಿದ್ರಿ ಅಲ್ಲ?"

"ನೀ ನಮಸ್ಕಾರ ಮಾಡಾಕತ್ತಿ ಅನ್ಕೊಂಡೆ" ಎಂದ ಯಮನಪ್ಪ.

 ಅವಳು ಚಮ್ಮಟಿಗೆಯ ಮೇಲಿನ ಹೂವನ್ನು ನೋಡುತ್ತ ಕೂತಳು. ಅಳುವುದಕ್ಕೂ ಇಬ್ಬರಿಗೂ ಧೈರ್ಯ ಸಾಲಲಿಲ್ಲ. ಮಣ್ಣಿಗೆ ಹೋದಾಗ ಯಮನಪ್ಪ ಜನರ ಕೊನೆಯಲ್ಲಿ ನಿಂತಿದ್ದ. ಬಾಯಿಗಳು ಅಲ್ಲಾಡುತ್ತಿದ್ದವು, ಯಾವುದೂ ಕೇಳಿಸಲಿಲ್ಲ. ತನಗೆ ಕೇಳಿಸುತ್ತಿದ್ದ ಒಂದೇ ದನಿಯನ್ನು ತಾನೇ ಕೊಂದೆ ಎಂಬುದು ಅವನಿಗೆ ಅಲ್ಲಿ, ಆ ಮೌನದಲ್ಲಿ, ಮೊದಲ ಸಲ ಹೊಳೆಯಿತು. ಬದುಕಿದ್ದೇಕೆ ಅನ್ನಿಸಿತು.

ಊರಲ್ಲಿ ಮಾತು ಹುಟ್ಟಲು ಹೊತ್ತು ಬೇಕಿಲ್ಲ. ಜೀಪನ್ನು ಎತ್ತಿ ತಂದವರು ತುಂಡಾದ ಬ್ಲೇಡನ್ನು ತಿರುಗಿಸಿ ನೋಡಿದ್ದರು. ಮುರಿದ ಬಾಯಿಯಲ್ಲಿ ಅರ್ಧ ಹೊಳೆಯುತ್ತಿತ್ತು, ಇನ್ನರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. ಬಿರುಕು ಹಳೆಯದು. ಹಾಗಾದರೆ ಬಡಿದು ನೋಡಿದಾಗ ಯಮನಪ್ಪನಿಗೆ ಗೊತ್ತಾಗಲಿಲ್ಲವೇ? ಯಾರ ಕಿವಿ ತಪ್ಪಿದರೂ ಅವನ ಕಿವಿ ತಪ್ಪುತ್ತದೆಯೇ? ಗೊತ್ತಿದ್ದೂ ಹಾಕಿ ಕಳಿಸಿದ, ಹಬ್ಬದ ಅವಸರಕ್ಕೆ. ಇಷ್ಟು ವರ್ಷ ಹೊಗಳಿ ಹೊಗಳಿ ಕಟ್ಟಿದ ಹೆಸರೇ ಅವನ ಕೊರಳಿಗೆ ಬಂತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಈ ಮಾತುಗಳನ್ನೆಲ್ಲ ಊರೇ ಕೇಳಿತು, ಯಮನಪ್ಪನೊಬ್ಬ ಕೇಳಲಿಲ್ಲ. ಮರೆವ್ವ ಕೇಳಿದಳು, ಅವನಿಗೆ ಹೇಳಲಿಲ್ಲ.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ನಲ್ಲಪ್ಪ ಹುಣಸೆಮರದ ಕೆಳಗೆ ಬಂದರು. ಕೈಗೆ ಪಟ್ಟಿ ಕಟ್ಟಿತ್ತು, ಗಡ್ಡ ಬೆಳೆದಿತ್ತು. ಮರೆವ್ವ ನೀರಿಗೆ ಹೋಗಿದ್ದಳು. ಯಮನಪ್ಪ ಎದ್ದು ನಿಂತ. ಅವರು ಒಮ್ಮೆ ಅವನ ಮುಖ, ಒಮ್ಮೆ ನೆಲ ನೋಡುತ್ತ, ಮೆಲ್ಲಗೆ ಏನೋ ಹೇಳಿದರು. ಅವರದು ಹೇಗೂ ಪಿಸುಮಾತು. ರಸ್ತೆಯಲ್ಲಿ ಸಾಲಾಗಿ ಟಿಪ್ಪರುಗಳು. ಯಮನಪ್ಪನಿಗೆ ತುಟಿಗಳಷ್ಟೇ ಕಂಡವು. ಹಣೆಬರಹ, ಯಾರೇನು ಮಾಡಲಾಗುತ್ತದೆ ಎನ್ನುತ್ತಿದ್ದಾರೆ ಎಂದುಕೊಂಡ. ಇಂಥ ಹೊತ್ತಿನಲ್ಲಿ ಜನ ಇನ್ನೇನು ಹೇಳುತ್ತಾರೆ? ಕಣ್ಣು ತುಂಬಿ ಬಂತು. ಹೌದೆಂದು ತಲೆಯಾಡಿಸಿದ.

ನಲ್ಲಪ್ಪ ಇನ್ನೊಂದು ಮಾತು ಹೇಳಿದರು. ಅದಕ್ಕೂ ತಲೆಯಾಡಿಸಿದ.

ಅವರ ಮುಖ ಬೂದಿಯಾಯಿತು. ತಿರುಗಿ ಹೊರಟುಹೋದರು. ಅಷ್ಟರಲ್ಲಿ ಅವರು ನಿಂತಿದ್ದ ಜಾಗದ ಹಿಂದೆಯೇ ಬೇಲಿಯ ಬಳಿ ಕೊಡ ಬಿದ್ದು ನೀರು ಚೆಲ್ಲಿತ್ತು. ಮರೆವ್ವ ಓಡುತ್ತ ಬರುತ್ತಿದ್ದಳು, ಬಾಯಿ ದೊಡ್ಡದಾಗಿ ತೆರೆದಿತ್ತು.

"ಏನಂದ್ರು?" ಎಂದ ಯಮನಪ್ಪ.

ಅವಳು ಅವನ ಕಿವಿಗೆ ಬಾಯಿಟ್ಟು, ಬೇಲಿಯ ಬಳಿ ತನಗೆ ಕೇಳಿಸಿದ್ದನ್ನು ಒಂದೊಂದೇ ಮಾತಾಗಿ ಕೂಗಿ ಹೇಳಿದಳು. ನಲ್ಲಪ್ಪ ಕೇಳಿದ್ದು ಇಷ್ಟು: "ಬ್ಲೇಡು ಒಡ್ದೈತೆ ಅಂತ ಗೊತ್ತಿದ್ದೂ ಗಾಡಿಗಾಕಿ ಕಳಿಸ್ದ್ಯಾ ಯಮ್ನಪ್ಪ?" ಅವನು ಹೌದೆಂದ. ಆಮೇಲೆ, "ಊರೋರ್ ಮಾತು ನಾನು ನಂಬಿಲ್ಲ. ಗೊತ್ತಿದ್ದೂ ಮಾಡ್ದ್ಯಾ?" ಎಂದು ಇನ್ನೊಮ್ಮೆ ಕೇಳಿದ್ದರು. ಅದಕ್ಕೂ ಅವನು ಹೌದೆಂದಿದ್ದ.

ಯಮನಪ್ಪ ಚಪ್ಪಲಿ ಕೂಡ ಮೆಟ್ಟದೆ ನಡೆದ. ಮರೆವ್ವ ಹಿಂದೆಯೇ ಓಡಿದಳು. ನಲ್ಲಪ್ಪನವರ ಜಗುಲಿಯ ಮೇಲೆ ನೆಂಟರು, ಊರವರು, ಮಗ ಮುನೀಂದ್ರ ಎಲ್ಲ ಕೂತಿದ್ದರು. ನಲ್ಲಪ್ಪ ಕಂಬಕ್ಕೆ ಒರಗಿದ್ದರು. ಯಮನಪ್ಪ ಅಂಗಳದಲ್ಲಿ ನಿಂತ. ವರ್ಷಗಳಿಂದ ಎದೆಯೊಳಗೆ ಮುಚ್ಚಿಟ್ಟದ್ದನ್ನು, ತನ್ನ ಅನ್ನವನ್ನೇ ಕಳೆಯುವ ಮಾತನ್ನು, ಎಲ್ಲರೆದುರು ಹೇಳಿದ. ತನ್ನ ದನಿ ಎಷ್ಟು ಗಟ್ಟಿಯಾಗಿತ್ತೆಂದು ಅವನಿಗೇ ತಿಳಿಯದು.

"ನಾ ಕಿವುಡ ಅದೀನ್ರಿ ಯಜಮಾನ್ರ. ನೀವು ಕೇಳಿದ್ದು ನನಗ ಕೇಳಿಸ್ಲಿಲ್ಲ. ಬ್ಲೇಡಿನ ದನಿನೂ ಕೇಳಿಸ್ಲಿಲ್ಲ. ನನಗ ಏನೂ ಕೇಳ್ಸಂಗಿಲ್ರಿ."

ಜಗುಲಿಯ ಮೇಲೆ ಯಾರೋ ಮುಖ ತಿರುಗಿಸಿದರು, ಯಾರೋ ಹಲ್ಲು ಕಚ್ಚಿದರು. ನಲ್ಲಪ್ಪ ಕಂಬ ಬಿಟ್ಟು ಎದ್ದರು. ಆಮೇಲೆ ಅವರ ತುಟಿಗಳು ಅಲ್ಲಾಡಿದವು, ಬಹುಶಃ ಎರಡೋ ಮೂರೋ ಮಾತು, ಎಂದಿನಂತೆ ಮೆಲ್ಲಗೆ. ಆಡಿ ಮುಗಿಸಿ ಅವರು ಒಳಗೆ ಹೋದರು.

ಯಮನಪ್ಪನ ತಲೆ ಈ ಸಲ ಅಲ್ಲಾಡಲಿಲ್ಲ. ನಂಬಿದರೋ, ನಂಬಲಿಲ್ಲವೋ? ಅವನು ತಿರುಗಿ ಹೆಂಡತಿಯನ್ನು ನೋಡಿದ. ಮರೆವ್ವ ಅಂಗಳದ ಅಂಚಿನಲ್ಲಿ ನಿಂತಿದ್ದಳು. ಅಷ್ಟು ಜನರೆದುರು ಆ ಮಾತನ್ನು ಅವನ ಕಿವಿಗೆ ಕೂಗಲು ಅವಳಿಗೆ ಬಾಯಿ ಬರಲಿಲ್ಲ. ಅವಳು ಮೆಲ್ಲಗೆ ಬಾಗಿ, ಬರಿಗೈಯನ್ನು ನೆಲದ ಮೇಲಿಟ್ಟಳು.

ಈ ಸಲ ಯಮನಪ್ಪ ಅದನ್ನು ನಮಸ್ಕಾರ ಅಂದುಕೊಳ್ಳಲಿಲ್ಲ.